ಎಮ್ಮೆಬೆನ್ನಿನ ಆಚೆ

ದೊಡ್ಡಬಳ್ಳಾಪುರ
23 ಜೂನ್ 2024, ಭಾನುವಾರ

ಪ್ರೀತಿಯ ಮುನಿಲಕ್ಷ್ಮಿ,

ನೀನು ಮೆಟ್ಟಿಲು ಜಾರಿ ತೊಡೆಯ ಮೂಳೆ ಮುರಿದುಕೊಂಡ ಸುದ್ದಿ ನನಗೆ ತಲುಪಿದ್ದು ಹದಿನೆಂಟು ದಿನ ತಡವಾಗಿ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮಣ್ಣ ಚಿಕ್ಕಬೀರಪ್ಪ ಸಿಕ್ಕಿದ್ದ. ಎರಡು ಸಲ ಹೇಳಿದ, ನನಗೆ ಕೇಳಿಸಲಿಲ್ಲ. ಮೂರನೇ ಸಲ ಚೀಲದಿಂದ ಒಂದು ಸೌತೆಕಾಯಿ ತೆಗೆದು, ತನ್ನ ತೊಡೆಯ ಮೇಲಿಟ್ಟು, ಲಟಕ್ಕೆಂದು ಮುರಿದು ತೋರಿಸಿದ. ಅರ್ಥವಾಯಿತು. ಆಮೇಲೆ ಆ ಸೌತೆಕಾಯನ್ನು ಇಬ್ಬರೂ ತಿಂದೆವು. ಕ್ಷಮಿಸು.

ಫೋನು ಮಾಡಲಿಲ್ಲವೆಂದು ಬೈಯಬೇಡ. ಇಪ್ಪತ್ತೈದು ವರ್ಷ ಪವರ್‌ಲೂಮಿನ ಪಕ್ಕ ನಿಂತ ಕಿವಿಗೆ ಫೋನು ಈಗ ಓಲೆಯ ಹಾಗೆ, ಬರೀ ಅಲಂಕಾರ. ವಾಟ್ಸಾಪಿನಲ್ಲಿ ಎರಡು ಪುಟ ಬರೆದರೆ ನೀನು ಒಂದು ಹೆಬ್ಬೆರಳು ತೋರಿಸಿ ತಪ್ಪಿಸಿಕೊಳ್ಳುತ್ತೀಯ. ಅದಕ್ಕೇ ಕಾಗದ. ಇದಕ್ಕೆ ನೀನು ಕಾಗದದಲ್ಲೇ ಉತ್ತರಿಸಬೇಕು.

ಬೆಟ್ಟಗುಡ್ಡ ಎಲ್ಲ ಇನ್ನು ಮರೆತುಬಿಡಿ ಎಂದರಂತೆ ನಿಮ್ಮ ಡಾಕ್ಟರು. ತೂಬಗೆರೆಯಲ್ಲಿ ಹುಟ್ಟಿ, ಹಿತ್ತಿಲ ಬಾಗಿಲು ತೆಗೆದು ಕೋಡುಗಲ್ಲು ಬೆಟ್ಟವನ್ನೇ ನೋಡುತ್ತ ಮುಖ ತೊಳೆಯುತ್ತಿದ್ದವಳಿಗೆ! ನಾನೊಂದು ತೀರ್ಮಾನ ಮಾಡಿದ್ದೇನೆ. ನೀನು ಎದ್ದು ಓಡಾಡುವವರೆಗೆ ನಿನ್ನ ಬದಲು ನಾನು ಆ ಬೆಟ್ಟ ಹತ್ತುತ್ತೇನೆ, ತಿಂಗಳಿಗೊಂದು ಸಲ, ಮಳೆಯಾಗಲಿ ಬಿಸಿಲಾಗಲಿ. ತುದಿ ಮುಟ್ಟಿ ಬಂದು ನಿನಗೆ ಬರೆಯುತ್ತೇನೆ. ನೀನು ಅಲ್ಲಿ ಒಂದೊಂದೇ ಹೆಜ್ಜೆ ಇಡು.

2001 ನೆನಪಿದೆ ತಾನೆ? ಬಿ.ಎ. ಕೊನೆಯ ಪರೀಕ್ಷೆ ಮುಗಿದ ಮರುದಿನ. ತುದಿಗೆ ನಲವತ್ತಡಿ ಇರುವಾಗ ಅಡ್ಡ ಮಲಗಿರುವ ಆ ನುಣ್ಣನೆಯ ಕರಿಬಂಡೆ, ನಿಮ್ಮೂರಿನವರು ಎಮ್ಮೆಬೆನ್ನು ಎನ್ನುವುದು. ಅದರಲ್ಲಿ ಕಡಿದಿರುವ ಹನ್ನೊಂದು ಕಾಲ್ಗುಳಿಗಳನ್ನು ನೀನು ಸರಸರ ಹತ್ತಿ ಮೇಲೆ ನಿಂತೆ. ನಾನು ಮೂರನೆಯದರಲ್ಲಿ ನಿಂತು ಅತ್ತೆ. "ಬಾರೇ, ನಾನಿದೀನಿ" ಎಂದು ನೀನು ಕೂಗಿದ್ದನ್ನು ಗಾಳಿ ನುಂಗಿತು. ಇಳಿದ ಮೇಲೆ, ತುದಿಯಲ್ಲಿ ಏನಿದೆ ಎಂದು ಕೇಳಿದ್ದಕ್ಕೆ "ಮೇಲೆ ಬಂದೋರ್ಗೆ ಮಾತ್ರ ಹೇಳೋದು" ಎಂದೆಯಲ್ಲ, ಇಪ್ಪತ್ತಮೂರು ವರ್ಷದಿಂದ ಅದು ನನ್ನ ಹೊಟ್ಟೆಯಲ್ಲಿ ಜೀರ್ಣವಾಗದೆ ಕೂತಿದೆ.

ಈ ಸಲ ದಾಟುತ್ತೇನೆ.

ಕಾಲು ಮುರಿದ ಗೆಳತಿಗೆ, ಕಿವಿ ಕೆಟ್ಟ ಮಗ್ಗದೊಡತಿಯ ನಮಸ್ಕಾರ.
ವಾಣಿ


ಸೂರತ್
8 ಜುಲೈ 2024

ವಾಣಿ,

ಸೌತೆಕಾಯಿ ಓದಿ ನಕ್ಕೆ. ನಕ್ಕರೆ ತೊಡೆಯೊಳಗೆ ಹಾಕಿರುವ ರಾಡು ನೋಯುತ್ತದೆ. ಅದಕ್ಕೆ ನೀನೇ ಹೊಣೆ.

ನನ್ನ ಬಗ್ಗೆ ಯೋಚನೆ ಬೇಡ. ಚೆನ್ನಾಗಿದ್ದೇನೆ. ವಾಕರ್ ಹಿಡಿದು ಅಡುಗೆಮನೆವರೆಗೆ ಹೋಗಿ ಬರುತ್ತಿದ್ದೇನೆ. ನಮ್ಮ ಯಜಮಾನರು ವೇಣುಗೋಪಾಲ್ ಸೀರೆ ಮಿಲ್ಲಿಗೆ ಹೋಗುವ ಮುಂಚೆ ಕಿಟಕಿಯ ಪಕ್ಕ ನನಗೊಂದು ಕುರ್ಚಿ ಹಾಕಿ ಹೋಗುತ್ತಾರೆ. ನಾಲ್ಕನೇ ಮಹಡಿ. ಇಲ್ಲಿಂದ ಕಾಣುವ ಎತ್ತರದ ವಸ್ತು ಒಂದೇ, ಫ್ಲೈಓವರ್. ಈ ಊರನ್ನು ಯಾರೋ ದೋಸೆ ಕಾವಲಿಯ ಮೇಲೆ ಕಟ್ಟಿದ್ದಾರೆ.

ಹತ್ತು. ಆದರೆ ಹುಷಾರು. ತುದಿಗೆ ಹೋದಾಗ ಕಂಡಿದ್ದನ್ನೆಲ್ಲ ಬರೆ, ಒಂದೂ ಬಿಡದೆ. ಪ್ರಾಸ ಬೇಡ. ಕಾಲೇಜಿನ ಮೂರು ವರ್ಷ ಕೇಳಿದ್ದು ಸಾಕು.

ಮುನಿಲಕ್ಷ್ಮಿ


ದೊಡ್ಡಬಳ್ಳಾಪುರ
4 ಆಗಸ್ಟ್ 2024, ಭಾನುವಾರ

ಪ್ರೀತಿಯ ಮುನಿ,

ಪ್ರಾಸ ಬೇಡ ಎಂದಿದ್ದೀಯ, ತ್ರಾಸ ಬೇಡ ಎಂದಿಲ್ಲ. ಆದ್ದರಿಂದ ತ್ರಾಸದ ಕಥೆ.

ಬೆಳಗ್ಗೆ ಏಳಕ್ಕೆ ಸ್ಕೂಟರು ತೂಬಗೆರೆ ಸರ್ಕಲ್ಲಿನಲ್ಲಿ ನಿಲ್ಲಿಸಿ ಕೆರೆಯ ಕಡೆಯಿಂದ ಹತ್ತಿದೆ. ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು. ರೇನ್‌ಕೋಟು ನಮ್ಮ ಮನೆಯವರು ಮಂಜೇಶ್ ಹಾಕಿಕೊಂಡು ಹೋಗಿದ್ದರು, ಹಾಗಾಗಿ ನೂಲಿನ ಕೋನು ತುಂಬಿ ಬರುವ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಮೂರು ತೂತು ಮಾಡಿ ತೊಟ್ಟುಕೊಂಡಿದ್ದೆ. ಎದೆಯ ಮೇಲೆ ಕಂಪನಿಯ ವಿಳಾಸ, ಬೆನ್ನಿನ ಮೇಲೆ 'ಒದ್ದೆಯಾಗದಂತೆ ಇಡಿ' ಎಂಬ ಸೂಚನೆ. ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದು ಎಲ್ಲವನ್ನೂ ಓದಿ, ನನ್ನ ಮುಖಕ್ಕೆ ಮುಖ ಕೊಟ್ಟು ಕೂಗಿದ: "ಪಾರ್ಸಲ್ ಎಲ್ಗವ್ವಾ ಓಗ್ತಿರೋದು?" ಸೂರತ್ತಿಗೆ ಎಂದೆ. "ದಾರಿ ತಪ್ಪೈತೆ" ಎಂದ.

ಮಳೆಗಾಲದ ಬೆಟ್ಟ ಬೇರೆಯೇ ಹೆಂಗಸು, ಮುನಿ. ಬೇಸಿಗೆಯಲ್ಲಿ ಬೋಳುತಲೆಯಂತೆ ಕಾಣುವ ಬಂಡೆಗಳ ಸಂದುಸಂದಿನಲ್ಲೂ ಹಸಿರು ಕೂದಲು. ಸೀತಾಫಲದ ಗಿಡಗಳಲ್ಲಿ ಗೋಲಿಯಷ್ಟು ಕಾಯಿ. ಬಂಡೆಯ ಮೇಲೆ ನೀರು ಹರಿಯುವ ಕಡೆಯೆಲ್ಲ ಪಾಚಿ. ಎರಡು ಸಲ ಕೂತು ಜಾರಿದೆ, ಒಂದು ಸಲ ಜಾರಿ ಕೂತೆ. ಮಧ್ಯದ ಬಸವನ ಕಲ್ಲಿನ ಹತ್ತಿರ ನಿಂತಾಗ ಮೋಡ ನನ್ನೊಳಗಿಂದಲೇ ಹಾದುಹೋಯಿತು.

ಏರುವಾಗ ಏದುಸಿರು, ಇಳಿಯುವಾಗ ನಿಟ್ಟುಸಿರು,
ನಡುವೆ ಸಿಕ್ಕ ಮೋಡ ತಂತು ಎದೆಗೆ ಒಂದು ಹೊಸ ಉಸಿರು.

ತುದಿಯ ಬಗ್ಗೆ ಕೇಳಿದ್ದೆಯಲ್ಲ. ತುದಿಯಲ್ಲಿ ಗಾಳಿ, ಮೋಡ, ಓರೆಯಾಗಿ ನಿಂತ ಒಂದು ಬಾವುಟದ ಕೋಲು. ಸದ್ಯಕ್ಕೆ ಅಷ್ಟೇ.

ನಿನ್ನ ವಾಣಿ


ಸೂರತ್
25 ಆಗಸ್ಟ್ 2024

ವಾಣಿ,

ಬಾವುಟದ ಕೋಲು ಇನ್ನೂ ಇದೆಯಾ. ಸಂತೋಷ. ಅದು ಎಮ್ಮೆಬೆನ್ನಿನ ಕೆಳಗಿನಿಂದಲೂ ಕಾಣುತ್ತದೆ. ಮೇಲೆ ಇನ್ನೇನು ಕಂಡೆ? ಮೋಡ ಇಲ್ಲದ ದಿನ ಹೋಗಿ ಸರಿಯಾಗಿ ನೋಡಿ ಬರೆ.

ನಮ್ಮ ಮನೆಗೆ ಯಾಕೆ ಹೋಗಲಿಲ್ಲ? ಲಕ್ಷ್ಮೀದೇವಮ್ಮ ಅತ್ತಿಗೆ ಕಾದಿದ್ದರಂತೆ. "ನಿನ್ ಗೆಳತಿ ನಮ್ ಬಾಗ್ಲು ಬುಟ್ಟು ಕೆರೆ ಕಡೆಯಿಂದ ಕಳ್ಳರಂಗೆ ಅತ್ತುತ್ತಾಳೆ" ಎಂದು ಫೋನಿನಲ್ಲಿ ದೂರು.

ಇಲ್ಲಿ ಎಲ್ಲ ಮಾಮೂಲು. ನಡೆಯುತ್ತಿದ್ದೇನೆ.

ಮುನಿಲಕ್ಷ್ಮಿ


ದೊಡ್ಡಬಳ್ಳಾಪುರ
20 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಮುನಿ,

ನಿಮ್ಮತ್ತಿಗೆಗೆ ಹೇಳು, ಅವರ ಮನೆಯಲ್ಲಿ ಒಂದು ಸಲ ಊಟಕ್ಕೆ ಕೂತರೆ ಬೆಟ್ಟ ಹತ್ತುವುದಿರಲಿ, ಹೊಸ್ತಿಲು ದಾಟುವುದೂ ಕಷ್ಟ.

ಇವತ್ತು ಮೋಡವಿಲ್ಲ. ಮಳೆ ತೊಳೆದು ಒಣಹಾಕಿದ ಆಕಾಶ. ಒಂದು ಕಡೆ ನಂದಿ, ಇನ್ನೊಂದು ಕಡೆ ಮಾಕಳಿ, ಕೆಳಗೆ ಮಂಡಿಯೆತ್ತರದ ರಾಗಿ, ಅದರ ನಡುನಡುವೆ ಗುಲಾಬಿ ಬೆಳೆಯುವ ಪಾಲಿಹೌಸುಗಳ ಬಿಳಿ ಛಾವಣಿ, ಯಾರೋ ಹೊಲಗಳಿಗೆ ಬ್ಯಾಂಡೇಜು ಸುತ್ತಿದ ಹಾಗೆ. ದೇವನಹಳ್ಳಿಗೆ ಇಳಿಯುವ ವಿಮಾನಗಳು ಸಾಲಾಗಿ ಬರುತ್ತಿದ್ದವು. ಒಂದಂತೂ ನನ್ನ ಕಣ್ಣಿನ ಮಟ್ಟದಲ್ಲೇ ಹೋದಂತಿತ್ತು. ಅದರೊಳಗೆ ಕೂತವರು ನನ್ನನ್ನು ನೋಡಿ, 'ಅಯ್ಯೋ ಆ ಹೆಂಗಸಿಗೆ ಸೀಟು ಸಿಗಲಿಲ್ಲ' ಅಂದುಕೊಂಡಿರಬೇಕು.

ಐದು ಜನ ಕಾಲೇಜಿನವರು ನಿಮ್ಮ ಊರಿನ ಕಡೆಯಿಂದ ಬಂದರು, ಮೂವರು ಹುಡುಗರು, ಇಬ್ಬರು ಹುಡುಗಿಯರು. ಎಮ್ಮೆಬೆನ್ನಿನ ಬುಡದಲ್ಲಿ ನನ್ನನ್ನು ನೋಡಿ ಒಬ್ಬಳು "ಆಂಟಿ, ಬರ್ತೀರಾ? ಸಖತ್ತಾಗಿದೆಯಂತೆ ಮೇಲೆ!" ಎಂದಳು. ನೀವು ನಡೀರಮ್ಮ ಎಂದೆ. ಚಕಚಕ ಹತ್ತಿಬಿಟ್ಟರು. ಅವರ ಹಿಂದೆಯೇ ನಾನು.

ತುದಿಯಲ್ಲಿ ಒಳ್ಳೆ ನಿಶ್ಶಬ್ದ, ಮುನಿ. ಆ ಹುಡುಗರೂ ಬಾಯಿ ಮುಚ್ಚಿಕೊಂಡು ಕೂತಿದ್ದರು. ಗಾಳಿ ಬಿಟ್ಟರೆ ಒಂದು ಸದ್ದಿಲ್ಲ. ಅರ್ಧ ಗಂಟೆ ಕೂತು ಇಳಿದೆ.

ಈಗ ನಿನ್ನ ಸರದಿ. ಎಷ್ಟು ಹೆಜ್ಜೆ, ಲೆಕ್ಕ ಕೊಡು.

ವಾಣಿ


ಸೂರತ್
7 ನವೆಂಬರ್ 2024

ವಾಣಿ,

ಕಾಗದ ಓದಿದೆ. ಎರಡು ಸಲ ಓದಿದೆ. ನಿಶ್ಶಬ್ದ ಎಂದು ಬರೆದಿದ್ದೀಯ.

ಇವತ್ತು ಹನ್ನೊಂದು ಹೆಜ್ಜೆ ನಡೆದೆ. ವೇಣುಗೋಪಾಲ್ ಚಪ್ಪಾಳೆ ತಟ್ಟಿದರು. ತಟ್ಟಬೇಡಿ, ನಾನೇನು ನಾಟಕ ಮಾಡುತ್ತಿದ್ದೇನಾ ಎಂದು ಬೈದೆ. ಆಮೇಲೆ ಇಬ್ಬರೂ ಸ್ವಲ್ಪ ಅತ್ತೆವು.

ನೀನು ಹತ್ತುವುದನ್ನು ನಿಲ್ಲಿಸಬೇಡ. ಯಾವ ಕಾರಣಕ್ಕೂ.

ಮುನಿಲಕ್ಷ್ಮಿ


ದೊಡ್ಡಬಳ್ಳಾಪುರ
12 ಜನವರಿ 2025, ಭಾನುವಾರ

ಪ್ರೀತಿಯ ಮುನಿ,

ಜುಲೈನಲ್ಲೇ ಅಡುಗೆಮನೆವರೆಗೆ ಓಡಾಡುತ್ತಿದ್ದವಳು ನವೆಂಬರಿನಲ್ಲಿ ಹನ್ನೊಂದು ಹೆಜ್ಜೆಗೆ ಅತ್ತೆ ಎನ್ನುತ್ತೀಯ. ನಿಮ್ಮ ಅಡುಗೆಮನೆ ಅಷ್ಟು ಹತ್ತಿರವಾ, ಅಥವಾ ಮಂಚದ ಮೇಲೆಯೇ ಒಲೆ ಇಟ್ಟುಕೊಂಡಿದ್ದೀಯಾ? ಇರಲಿ. ಹನ್ನೊಂದಕ್ಕೆ ಹನ್ನೊಂದು ಲಾಡು ಎಂದುಕೋ.

ಸಂಕ್ರಾಂತಿಯ ಚಳಿ. ರಸ್ತೆಯ ಎರಡೂ ಕಡೆ ಸೊಗಡು ಅವರೆಯ ವಾಸನೆ, ಅದೊಂದನ್ನೇ ಹಿಡಿದು ಸ್ಕೂಟರು ಓಡಿಸಿದೆ, ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲ. ಬೆಟ್ಟ ಇದೆ ಎಂಬುದು ಕಾಲಿಗೆ ಮಾತ್ರ ಗೊತ್ತಾಗುತ್ತಿತ್ತು. ಮುಂದಿನ ಬಂಡೆ ಎಮ್ಮೆಯೋ ಬಂಡೆಯೋ ಎಂದು ಮುಟ್ಟಿ ನೋಡಿ ಮುಂದೆ ಹೋಗಬೇಕು. ಹಾಗೆ ಮುಟ್ಟಿದ್ದರಲ್ಲಿ ಒಂದು ಎದ್ದು ನಡೆದುಹೋಯಿತು.

ಚಳಿಯೆಂದರೆ ಚಳಿಯಲ್ಲ, ಹಲ್ಲಿಗೆ ಹಲ್ಲು ಹೊಂದಲ್ಲ,
ಮಂಜಿನೊಳಗೆ, ಮುನಿಲಕ್ಷ್ಮಿ, ನಿನ್ನ ಊರೇ ಕಾಣಲ್ಲ.

ಹುಲ್ಲಿನ ತುದಿಯಲ್ಲೆಲ್ಲ ಜೇಡನ ಬಲೆ, ಪ್ರತಿ ಎಳೆಯ ಮೇಲೂ ಹನಿ. ನಮ್ಮ ಮಗ್ಗದಲ್ಲಿ ಜರಿ ಹಾಕಿದರೂ ಅಷ್ಟು ಸಮನಾಗಿ ಬರುವುದಿಲ್ಲ. ಒಂದೂವರೆ ಗಂಟೆ ಕೂತೆ. ಬಂಡೆ ಎಷ್ಟು ತಣ್ಣಗಿತ್ತೆಂದರೆ ಅಂಗೈ ಅಂಟಿಕೊಂಡಂತಾಗುತ್ತಿತ್ತು. ಹತ್ತಕ್ಕೆ ಮಂಜು ಒಂದು ಕ್ಷಣ ಸೀಳಿತು, ಬಾವುಟದ ಕೋಲು ಕಂಡಿತು, ಮತ್ತೆ ಮುಚ್ಚಿಕೊಂಡಿತು. ತುದಿಯಲ್ಲಿ ಇನ್ನೇನೂ ಕಾಣಲಿಲ್ಲ.

ಇಷ್ಟೇ. ಯಾಕೋ ಈ ಸಲ ಜಾಸ್ತಿ ಬರೆಯಲು ಬರುತ್ತಿಲ್ಲ.

ವಾಣಿ


ದೊಡ್ಡಬಳ್ಳಾಪುರ
9 ಮಾರ್ಚ್ 2025

ಮುನಿ,

ಎರಡು ತಿಂಗಳಾಯಿತು. ನಿನ್ನ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ಬೇರೆ ಬೀದಿಗೆ ತಿರುಗುತ್ತಾನೆ. ರಾಡು ತೊಂದರೆ ಕೊಟ್ಟಿತಾ? ಅಥವಾ ನನ್ನ ಮೇಲೆ ಕೋಪವಾ? ಎರಡರಲ್ಲಿ ಯಾವುದಾದರೂ ಒಂದು ಗೆರೆ ಬರೆ. ಪ್ರಾಸ ಹಾಕುವ ಮನಸ್ಸೂ ಇಲ್ಲ, ನೋಡು.

ವಾಣಿ


ಸೂರತ್
24 ಮಾರ್ಚ್ 2025

ವಾಣಿ,

ರಾಡು ಗಟ್ಟಿಯಾಗಿದೆ. ಕೋಪ ಇಲ್ಲ. ಬರೆಯಲು ಪುರುಸೊತ್ತಿಲ್ಲ, ಮೆಟ್ಟಿಲು ಹತ್ತುತ್ತಿದ್ದೇನೆ.

ನಾಲ್ಕು ಮಹಡಿ, ಎಪ್ಪತ್ತೆರಡು ಮೆಟ್ಟಿಲು, ನಾನು ಬಿದ್ದ ಅದೇ ಮೆಟ್ಟಿಲು. ಮೊದಲ ದಿನ ಎರಡು ಇಳಿದು ನಡುಗುತ್ತ ಮೇಲೆ ಬಂದೆ. ಎರಡನೇ ಮಹಡಿಯ ಗುಜರಾತಿ ಅಜ್ಜಿಗೆ ನನ್ನ ಭಾಷೆ ಬರುವುದಿಲ್ಲ, ನನಗೆ ಅವಳದು ಅರೆಬರೆ. ದಿನಾ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು "ಚಾಲೋ, ಚಾಲೋ" ಎನ್ನುತ್ತಾಳೆ, ದನ ಹೊಡೆದ ಹಾಗೆ. ನಿನ್ನೆ ಕೆಳಗೆ ಹೋಗಿ ಮೇಲೆ ಬಂದೆ. ಪೂರ್ತಿ.

ಏಪ್ರಿಲ್ ಬಿಸಿಲಿನಲ್ಲಿ ಹತ್ತುವುದಾದರೆ ಬೇಗ ಹೋಗು. ಬಂಡೆ ಕಾಯುವ ಮುಂಚೆ ಇಳಿದಿರಬೇಕು.

ಮೇಲೆ ಏನಿದೆ ಎಂದು ನೀನು ಇನ್ನೂ ಬರೆದಿಲ್ಲ.

ಮುನಿಲಕ್ಷ್ಮಿ


ದೊಡ್ಡಬಳ್ಳಾಪುರ
20 ಏಪ್ರಿಲ್ 2025, ಭಾನುವಾರ

ಮುನಿ,

ಎರಡೂ ಅಂಗೈಗೆ ಬೊಬ್ಬೆ ಬಂದಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ವಿಷಯ ಸೊಟ್ಟಗಿರುವುದಕ್ಕೆ ಮಾತ್ರ ಬೇರೆ ಕಾರಣ.

ಬೆಳಗಿನ ಆರಕ್ಕೆ ಬುಡದಲ್ಲಿದ್ದೆ. ಹುಲ್ಲೆಲ್ಲ ಸುಟ್ಟು ಬೆಟ್ಟದ ಮೂಳೆ ಎದ್ದು ಕಾಣುತ್ತಿತ್ತು. ಏಳೂವರೆಗೆ ಎಮ್ಮೆಬೆನ್ನಿನ ಕೆಳಗೆ. ನೀನು ಎಪ್ಪತ್ತೆರಡು ಮೆಟ್ಟಿಲು ಹತ್ತಿದ್ದೀಯ, ನನಗೆ ಹನ್ನೊಂದು ಗುಳಿ ಆಗುವುದಿಲ್ಲವಾ ಎಂದು ಹೊರಟೆ. ಮೂರು ದಾಟಿದೆ. ಐದು. ಏಳನೆಯದರಲ್ಲಿ ಕಾಲು ನಡುಗಲು ಶುರುವಾಯಿತು, ಹೊಲಿಗೆ ಯಂತ್ರದ ಹಾಗೆ. ಮುಂದಿನ ಗುಳಿ ಎಲ್ಲಿದೆ ಕಾಣಿಸುತ್ತಿಲ್ಲ, ಹೊಟ್ಟೆ ಬಂಡೆಗೆ ಅಂಟಿದೆ. ಕೆಳಗೆ ನೋಡಿದೆ. ನೋಡಬಾರದಿತ್ತು. ಅಲ್ಲೇ ನಿಂತೆ, ಎಷ್ಟು ಹೊತ್ತೋ. ಬಿಸಿಲೇರಿತು. ಬಂಡೆ ಕಾವಲಿಯಾಯಿತು, ನಾನು ಅದರ ಮೇಲೆ ಮಗುಚಲು ಮರೆತ ರೊಟ್ಟಿ. ಕೊನೆಗೆ ಹೊಟ್ಟೆಯ ಮೇಲೆ ಜಾರುತ್ತ ಕೆಳಗೆ ಬಂದೆ. ಬೊಬ್ಬೆ ಹಾಗೆ ಬಂದಿದ್ದು.

ಈಗ ನಿಜ ಹೇಳುತ್ತೇನೆ. ಹತ್ತು ತಿಂಗಳಲ್ಲಿ ಒಂಬತ್ತು ಸಲ ಹತ್ತಿದ್ದೇನೆ. ಒಂದು ಸಲವೂ ಎಮ್ಮೆಬೆನ್ನು ದಾಟಿಲ್ಲ. ಬಾವುಟದ ಕೋಲನ್ನು ಕೆಳಗಿನಿಂದ ನೋಡಿ ಬರೆದೆ. ಆ ಐದು ಜನರ ಹಿಂದೆ ಹೋಗಲಿಲ್ಲ, ಅವರು ಇಳಿದು ಬರುವವರೆಗೂ ಬುಡದಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದೆ. ನಾನು ತುದಿ ಮುಟ್ಟಲಿಲ್ಲ ಎಂದು ಬರೆದರೆ ನೀನು ಅಲ್ಲಿ ಮಂಚ ಬಿಟ್ಟು ಏಳದೆ ಹೋಗುತ್ತೀಯ ಎಂದು ಹೆದರಿದೆ. ಮೊದಲ ಸುಳ್ಳು ಸುಲಭ, ಆಮೇಲಿನವು ಅದರ ಹಿಂದೆಯೇ ಬಂದವು.

ನನ್ನನ್ನು ಎಷ್ಟು ಬೇಕಾದರೂ ಬೈ. ನಡೆಯುವುದನ್ನು ಮಾತ್ರ ಬಿಡಬೇಡ.

ವಾಣಿ


ಸೂರತ್
5 ಮೇ 2025

ಲೇ ವಾಣಿ,

ನನಗೆ ಅಕ್ಟೋಬರಿನಿಂದ ಗೊತ್ತು.

ಹೇಗೆ ಎಂದು ಹೇಳಿದರೆ ತುದಿಯಲ್ಲಿ ಏನಿದೆ ಎಂದೂ ಹೇಳಿದ ಹಾಗಾಗುತ್ತದೆ. ಹೋದರೆ ಹೋಗಲಿ, ಇಪ್ಪತ್ತನಾಲ್ಕು ವರ್ಷ ಕಾದಿದ್ದೀಯ. ತುದಿಯ ನಟ್ಟನಡುವೆ ಒಂದು ಬಂಡೆ ಇದೆ, ತೊಟ್ಟಿಲಿನಷ್ಟು. ಅದನ್ನು ಕಲ್ಲಿನಿಂದ ಹೊಡೆದರೆ ಕಂಚಿನ ಗಂಟೆಯ ಹಾಗೆ ಕೂಗುತ್ತದೆ. ನಮ್ಮ ಹಿತ್ತಿಲವರೆಗೂ ಕೇಳುತ್ತದೆ. ಮೇಲೆ ಹೋದವರು ತಲಾ ಒಂದು ಪೆಟ್ಟು ಹೊಡೆಯಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ಎಷ್ಟು ಪೆಟ್ಟೋ ಅಷ್ಟು ಮುದ್ದೆ. ಅವರು ಇಳಿದು ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಬಿಸಿಯಾಗಿ ಇಟ್ಟಿರುತ್ತಾರೆ. ಅಜ್ಜಿಯ ಕಾಲದಿಂದ ಬಂದಿದ್ದು, ಈಗ ಅತ್ತಿಗೆಯ ಕೆಲಸ. ನಿನಗೆ ನಾನು ಯಾವತ್ತೋ ಹೇಳಿರಬೇಕು ಎಂದು ಅವರು ತಿಳಿದಿದ್ದರು. 2001ರಲ್ಲಿ ಮಾತ್ರ, ನೀನು ಕೆಳಗೆ ಅಳುತ್ತಿದ್ದೆಯೆಂದು, ನಾನು ಹೊಡೆಯದೆ ಇಳಿದೆ.

ಅಕ್ಟೋಬರ್ 20ರ ಸಂಜೆ ಅತ್ತಿಗೆ ಫೋನು ಮಾಡಿ ಹೇಳಿದರು: "ಐದು ಪೆಟ್ಟು ಬಿತ್ತು ಕಣಮ್ಮಿ. ಐದು ಮುದ್ದೆ ಮಾಡ್ದೆ. ಕಾಲೇಜುಡುಗ್ರು ತಿಂದು ಓದ್ರು. ನಿನ್ ಗೆಳತಿ ಸ್ಕೂಟ್ರು ಸರ್ಕಲ್ನಾಗೆ ನಿಂತಿತ್ತು, ಅವಳ್ದು ಆರ್ನೇದು ಮಾತ್ರ ಬೀಳ್ಲೇ ಇಲ್ಲ." ವಾರ ಕಳೆದು ನಿನ್ನ ಕಾಗದ. ಒಂದು ಸದ್ದಿಲ್ಲ ಎಂದು ಬರೆದಿದ್ದೆ. ಅವರು ಐದು ಸಲ ಗಂಟೆ ಬಾರಿಸಿದ್ದಾರೆ, ನಲವತ್ತಡಿ ಕೆಳಗೆ ಕೂತ ನಿನಗೆ ಕೇಳಿಲ್ಲ. ಮಗ್ಗ ನಿನ್ನ ಕಿವಿಯಿಂದ ಮೊದಲು ತಿಂದಿರುವುದು ಅಂಥ ತೆಳ್ಳನೆಯ, ಏರುದನಿಯ ಸದ್ದುಗಳನ್ನೇ ಅಲ್ಲವಾ.

ಈಗ ನನ್ನ ಸರದಿ. ವಾಕರ್ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದೇನೆ ಎಂದು ಬರೆದದ್ದು ಸುಳ್ಳು. ಅಕ್ಟೋಬರ್ ಕೊನೆಯ ವಾರದವರೆಗೆ ನಾನು ನೆಲಕ್ಕೆ ಕಾಲೂರಿರಲಿಲ್ಲ. ಫಿಸಿಯೋ ಹುಡುಗಿ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ವೇಣುಗೋಪಾಲ್ ಕೇಳಿ ಕೇಳಿ ಸುಮ್ಮನಾಗಿದ್ದರು. ನೀನು ತುದಿ ಮುಟ್ಟಿದೆ ಎಂದು ಓದಿದಾಗ ನನಗೇನೂ ಆಗಲಿಲ್ಲ ವಾಣಿ, ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅಷ್ಟೇ. ಮುಟ್ಟಿಲ್ಲ ಎಂದು ಗೊತ್ತಾಯಿತಲ್ಲ, ಆವತ್ತು ನಿದ್ದೆ ಬರಲಿಲ್ಲ. ಇವಳಿಗೆ ಭಯ. ದಾಟಲು ಆಗುವುದಿಲ್ಲ. ಆದರೂ ಪ್ಲಾಸ್ಟಿಕ್ ಚೀಲ ಹೊದ್ದುಕೊಂಡು ಪ್ರತಿ ತಿಂಗಳು ಅದೇ ಬಂಡೆಯ ಮುಂದೆ ಹೋಗಿ ನಿಲ್ಲುತ್ತಾಳೆ. ನಾನು ಗೋಡೆ ನೋಡುತ್ತ ಮಲಗಿದ್ದೇನೆ.

ಮರುದಿನ ಕಾಲೂರಿದೆ. ಹತ್ತು ದಿನದಲ್ಲಿ ಹನ್ನೊಂದು ಹೆಜ್ಜೆ. ಹನ್ನೊಂದೇ ಯಾಕೆ ಅಂದುಕೊಂಡೆ? ಕಣ್ಣು ಮುಚ್ಚಿ ಗುಳಿ ಎಣಿಸುತ್ತ ಇಟ್ಟೆ.

ಡಿಸೆಂಬರಿನಲ್ಲಿ ಬರುತ್ತೇನೆ. ಎಮ್ಮೆಬೆನ್ನಿನ ಬುಡದವರೆಗೆ. ಅದರಾಚೆ ಈ ಕಾಲು ಬರುವುದಿಲ್ಲ, ಡಾಕ್ಟರು ಬರೆದು ಕೊಟ್ಟಿದ್ದಾರೆ. ಅದರಾಚೆ ನೀನು.

ಮುನಿ


ದೊಡ್ಡಬಳ್ಳಾಪುರ
25 ಮೇ 2025, ಭಾನುವಾರ

ಕಳ್ಳಿ,

ಏಳು ತಿಂಗಳು ಗೊತ್ತಿದ್ದೂ 'ಮೇಲೆ ಏನಿದೆ ಬರೆ' ಎಂದು ಮುಗ್ಧಳಂತೆ ಕೇಳಿದ್ದೀಯಲ್ಲ! ಕಾಗದವನ್ನು ಮಂಜೇಶಿಗೆ ಓದಿಸಿದೆ. ಅವರು ಮಗ್ಗ ನಿಲ್ಲಿಸಿ ನಕ್ಕರು. ಹಬ್ಬಕ್ಕೂ ನಿಲ್ಲಿಸದ ಮಗ್ಗ.

ಇವತ್ತು ಹೋಗಿದ್ದೆ. ಅರ್ಧ ದಾರಿಯಲ್ಲಿ ಬಿರುಗಾಳಿ, ಆಲಿಕಲ್ಲು, ಬಸವನ ಕಲ್ಲಿನ ಕೆಳಗೆ ಕುರಿಗಳ ಜೊತೆ ಮುದುಡಿ ಕೂತೆ. ಅದೇ ಮುದುಕ. "ಪಾರ್ಸಲ್ ವಾಪಸ್ ಬಂತಾ?" ಎಂದ. ಇಳಿಯುವಾಗ, ಇಷ್ಟು ತಿಂಗಳಲ್ಲಿ ಮೊದಲ ಸಲ, ನಿಮ್ಮ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಮುದ್ದೆ ಕೇಳಿದೆ. ಮೇಲಕ್ಕೆ ಬೆರಳು ತೋರಿಸಿ ತಲೆಯಾಡಿಸಿಬಿಟ್ಟರು. ನಿಯಮ ನಿಯಮವೇ.

ಒಂದು ಯೋಚನೆ. ಎಮ್ಮೆಬೆನ್ನಿನ ಎಡಕ್ಕೆ ಒಂದು ಗುಂಡುಕಲ್ಲು ಇದೆಯಲ್ಲ, ಬಂಡೆಯ ಪಾರ್ಶ್ವ ಪೂರ್ತಿ ಕಾಣುವಂಥದ್ದು. ನೀನು ಅಲ್ಲಿ ನಿಂತರೆ ಎಲ್ಲ ಗುಳಿಗಳೂ ನಿನಗೆ ಕಾಣುತ್ತವೆ. ನೀನು ಕೂಗಿದರೆ ನನಗೆ ಕೇಳುವುದಿಲ್ಲ. ಆದರೆ ಡಿಗ್ರಿ ಓದುವಾಗ ನಮ್ಮ ಮನೆಯಲ್ಲಿ ಉಳಿದು ಮಗ್ಗದ ಸನ್ನೆ ಎಲ್ಲ ಕಲಿತಿದ್ದೆಯಲ್ಲ, ಮರೆತಿಲ್ಲ ತಾನೆ? ಮುಷ್ಟಿ ಹಿಡಿದರೆ ನಿಲ್ಲಿಸು. ಅಂಗೈ ಕೆಳಗೊತ್ತಿದರೆ ನಿಧಾನ. ಭುಜ ತಟ್ಟಿದ ಕಡೆ ಲಾಳಿ, ಬಂಡೆಯ ಮೇಲಾದರೆ ಆ ಕಡೆಯ ಕಾಲು. ಕೈ ತಿರುಗಿಸಿದರೆ ಮಗ್ಗ ಓಡಲಿ.

ವಾಣಿ


ಸೂರತ್
16 ನವೆಂಬರ್ 2025

ವಾಣಿ,

ಮರೆತಿಲ್ಲ. ಎರಡನೇ ಮಹಡಿಯ ಅಜ್ಜಿಗೂ ಕಲಿಸಿದ್ದೇನೆ. ಈಗ "ಚಾಲೋ" ಎನ್ನುವುದಿಲ್ಲ, ಕೈ ತಿರುಗಿಸುತ್ತಾಳೆ.

ಡಿಸೆಂಬರ್ 12ಕ್ಕೆ ಊರಿನಲ್ಲಿರುತ್ತೇನೆ. 14, ಭಾನುವಾರ. ಮಳೆ ಇರುವುದಿಲ್ಲ, ಬಂಡೆ ಒಣಗಿರುತ್ತದೆ, ಬಿಸಿಲು ಮೆತ್ತಗಿರುತ್ತದೆ. ಗಾಳಿ ಮಾತ್ರ ಇರುತ್ತದೆ. ಇರಲಿ, ನಮಗೇನು.

ಮುನಿ


ಕೋಡುಗಲ್ಲು ಬೆಟ್ಟದ ತುದಿ
14 ಡಿಸೆಂಬರ್ 2025, ಭಾನುವಾರ, ಬೆಳಗ್ಗೆ ಹತ್ತೂಕಾಲು

ಪ್ರೀತಿಯ ಮುನಿ,

ಸಾವಿರ ಕಿಲೋಮೀಟರ್ ದೂರಕ್ಕೆ ಬರೆದು ಅಭ್ಯಾಸವಾದವಳು ಈಗ ನಲವತ್ತಡಿಗೆ ಬರೆಯುತ್ತಿದ್ದೇನೆ. ಚೀಟಿಗೆ ಕಲ್ಲು ಕಟ್ಟಿ, ಮಗ್ಗದಿಂದ ತಂದ ನೂಲುಂಡೆಯಲ್ಲಿ ಇಳಿಸುತ್ತೇನೆ. ನೇಕಾರ ಗಂಟು ಹಾಕಿದ್ದೇನೆ, ಬಿಚ್ಚಲು ಬರದಿದ್ದರೆ ಹಲ್ಲಿನಲ್ಲಿ ಕಡಿ. ಜೊತೆಗೆ ಪೆನ್ಸಿಲ್ ತುಂಡೂ ಇದೆ, ಹಿಂಬದಿಯಲ್ಲಿ ಉತ್ತರ ಬರೆ.

ನೀನು ನೋಡುತ್ತಲೇ ಇದ್ದೆ, ಆದರೂ ಬರೆಯುತ್ತೇನೆ. ನೀನು ನೋಡಿದ್ದು ಕಾಲನ್ನು ಮಾತ್ರ. ಬುಡದಲ್ಲಿ ನಿನ್ನ ಊರುಗೋಲನ್ನು ಬಂಡೆಗೆ ಒರಗಿಸಿ, "ನಡಿಯೇ, ಅಳೋದಾದ್ರೆ ಈಗ್ಲೇ ಅತ್ಬಿಡು" ಎಂದಿದ್ದನ್ನು ನಿನ್ನ ತುಟಿಯಲ್ಲಿ ಓದಿದೆ. ಐದರವರೆಗೆ ನಾನೇ ಹತ್ತಿದೆ. ಏಳನೆಯದರಲ್ಲಿ ಹೊಲಿಗೆ ಯಂತ್ರ ಶುರುವಾಯಿತು. ಈ ಸಲ ಕೆಳಗೆ ನೋಡಲಿಲ್ಲ, ಎಡಕ್ಕೆ ನೋಡಿದೆ. ಗುಂಡುಕಲ್ಲಿನ ಮೇಲೆ ನೀನು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಷ್ಟಿ ಹಿಡಿದು ನಿಂತಿದ್ದೆ. ನಿಲ್ಲಿಸು. ನಿಲ್ಲಿಸಿದೆ. ಅಂಗೈ ಕೆಳಗೆ. ಉಸಿರು ಬಿಟ್ಟೆ. ನೀನು ಬಲಭುಜ ತಟ್ಟಿದೆ. ನಾನು ಬಲಗಾಲಿನಿಂದ ತಡವಿದೆ, ಗುಳಿ ಅಲ್ಲಿತ್ತು! ಇಷ್ಟು ವರ್ಷ ಅದು ಅಲ್ಲೇ ಇತ್ತಂತೆ. ಎಡ, ಬಲ, ಎಡ. ಹನ್ನೊಂದನೆಯದರಲ್ಲಿ ನೀನು ಎರಡೂ ಕೈ ತಿರುಗಿಸಿದೆ ನೋಡು, ಹತ್ತು ಮಗ್ಗ ಒಟ್ಟಿಗೆ ಓಡಿಸುವವಳ ಹಾಗೆ. ಆಮೇಲೆ ನನ್ನ ಮುಂದೆ ಬಂಡೆಯಿರಲಿಲ್ಲ, ಬಯಲಿತ್ತು.

ನಿನ್ನ ಗಂಟೆಬಂಡೆ ಸಿಕ್ಕಿತು. ಹೊಡೆಯುವ ಕಲ್ಲು ಅದರ ಕುಳಿಯಲ್ಲೇ ಕೂತಿತ್ತು, ಹಿಡಿದು ಹಿಡಿದು ನುಣುಪಾಗಿದೆ. ಎಡಗೈ ಬಂಡೆಯ ಮೇಲಿಟ್ಟು ಬಲಗೈಯಿಂದ ಹೊಡೆದೆ. ಕಿವಿಗೆ ಏನೂ ಬರಲಿಲ್ಲ. ಅಂಗೈಗೆ ಬಂತು. ಅಂಗೈಯಿಂದ ಮೊಣಕೈ, ಮೊಣಕೈಯಿಂದ ಭುಜ, ದವಡೆ, ಹಲ್ಲು. ಹಲ್ಲಿನಲ್ಲಿ ಕೇಳಿದೆ, ಮುನಿ! ಅಂಥ ಸಣ್ಣ, ತೆಳ್ಳನೆಯ ಸದ್ದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಅದು ಪೂರ್ತಿ ನಿಲ್ಲುವವರೆಗೆ ಕೈ ತೆಗೆಯಲಿಲ್ಲ. ಆಮೇಲೆ ಇನ್ನೊಂದು ಹೊಡೆದೆ.

ಇಲ್ಲಿಂದ ನಿಮ್ಮ ಹಿತ್ತಿಲು ಕಾಣುತ್ತದೆ. ಈಗ ತಾನೇ ಅಲ್ಲಿ ಒಲೆಯ ಹೊಗೆ ಎದ್ದಿತು.

ಹತ್ತಿದೆ, ಗೆದ್ದೆ, ಬಿದ್ದಿಲ್ಲ, ಸುದ್ದಿಗೆ ಸುಳ್ಳು ಬೆರೆಸಿಲ್ಲ.
ವಾಣಿ


(ಅದೇ ಚೀಟಿಯ ಹಿಂಬದಿ)

ಲೇ,

ಎರಡು ಪೆಟ್ಟು ಯಾಕೆ ಹೊಡೆದೆ? ಮೇಲೆ ಹೋದವಳು ನೀನೊಬ್ಬಳೇ. ನಾನು ಕೆಳಗಿದ್ದೇನೆ. ಅತ್ತಿಗೆ ಈಗ ಎರಡು ಮುದ್ದೆ ತಿರುವುತ್ತಿರುತ್ತಾರೆ. ತೂಬಗೆರೆಯಲ್ಲಿ ಇವತ್ತಿನವರೆಗೆ ಸುಳ್ಳು ಪೆಟ್ಟು ಹೊಡೆದವರು ಯಾರೂ ಇಲ್ಲ.

ಮುನಿ


(ನೂಲಿನಲ್ಲಿ ಎರಡನೇ ಸಲ ಇಳಿದ ಚೀಟಿ)

ಹನ್ನೊಂದು ಗುಳಿಯಲ್ಲಿ ಕಾಲು ನನ್ನದು, ಕಣ್ಣು ನಿನ್ನದು. ಅರ್ಧರ್ಧ ಮುದ್ದೆ ನಿಮ್ಮತ್ತಿಗೆ ಮಾಡುವುದಿಲ್ಲ.

ವಾಣಿ


(ಅದರ ಹಿಂಬದಿ, ನೀರು ಬಿದ್ದು ಅಲ್ಲಲ್ಲಿ ಅಳಿಸಿದೆ)

ಸರಿ. ಇಳಿ. ಮುದ್ದೆ ಆರುತ್ತದೆ.

ಮೊದಲು ಎಡಗಾಲು. ನನ್ನ ಕೈ ನೋಡು.